ಬೇಟೆಗೆ ಯಾವ ಗುಂಡು? ದಪ್ಪದ್ದೋ, ಸಣ್ಣದ್ದೋ?

ಆನೆ, ಹುಲಿಯಂಥ ದೊಡ್ಡ ಪ್ರಾಣಿಯನ್ನು ಕೆಡವಲು ಗುಂಡು ಎಷ್ಟು ದಪ್ಪವಿರಬೇಕು? ಇಪ್ಪತ್ತನೆಯ ಶತಮಾನದ ಆರಂಭದ ಬ್ರಿಟಿಷ್ ಶಿಕಾರಿಗಳನ್ನು ಎರಡು ಬಣವಾಗಿ ಒಡೆದ ಪ್ರಶ್ನೆಯಿದು.

ರೈಫಲ್‌ನ ‘ಕ್ಯಾಲಿಬರ್’ ಎಂದರೆ ಸ್ಥೂಲವಾಗಿ ನಳಿಗೆಯ ಒಳವ್ಯಾಸ. ಬ್ರಿಟಿಷರು ಅದನ್ನು ಇಂಚಿನ ಲೆಕ್ಕದಲ್ಲಿ ಹೇಳುತ್ತಿದ್ದರು. .450 ಎಂದರೆ ಸುಮಾರು ಹನ್ನೊಂದೂವರೆ ಮಿಲಿಮೀಟರ್; .275 ಎಂದರೆ ಸುಮಾರು ಏಳು. ಲಂಡನ್ನಿನ ರಿಗ್ಬಿ ಕಂಪೆನಿ 1898ರಲ್ಲಿ ತಂದ .450 ನೈಟ್ರೊ ಎಕ್ಸ್‌ಪ್ರೆಸ್ ತೋಟಾದ ಗುಂಡು 31 ಗ್ರಾಂ ತೂಗುತ್ತಿತ್ತು. ಹೊಗೆಯುಗುಳುವ ಕಪ್ಪುಮದ್ದಿನ ಬದಲು ಅದರಲ್ಲಿ ಕಾರ್ಡೈಟ್ ಇತ್ತು. ಆನೆ ಬೇಟೆಗೆ ಇದೇ ಸರಿ ಎಂದು ಹಲವರು ನಂಬಿದರು.

ಆದರೆ ಕ್ಯಾಲಿಬರನ್ನು ಪ್ರಾಣಿಯ ಗಾತ್ರವೊಂದೇ ನಿರ್ಧರಿಸಲಿಲ್ಲ. ಬ್ರಿಟಿಷ್ ಸೇನೆಯ ಹಳೆಯ ಮಾರ್ಟಿನಿ-ಹೆನ್ರಿ ಕೋವಿಗಳ ಅಳತೆಯೂ .450 ಆಗಿತ್ತು. ಬೇಟೆಯ ಗುಂಡುಗಳು ಬಂಡಾಯಗಾರರ ಕೈಸೇರಿ ಆ ಕೋವಿಗಳಿಗೆ ಬಳಕೆಯಾದಾವೆಂಬ ಭಯದಿಂದ 1907ರಲ್ಲಿ ಭಾರತ ಮತ್ತು ಸೂಡಾನ್‌ಗೆ ಈ ಅಳತೆಯ ಆಮದನ್ನು ಸರ್ಕಾರ ನಿಷೇಧಿಸಿತು. ಕೋವಿ ತಯಾರಕರು ಕೂಡಲೇ .470, .465 ಎಂಬ ಹೊಸ ಅಳತೆಗಳನ್ನು ಹುಡುಕಿದರು. ಬೇಟೆಯ ಮಟ್ಟಿಗೆ ವ್ಯತ್ಯಾಸ ಅತ್ಯಲ್ಪ. ಕಾನೂನಿನ ಮಟ್ಟಿಗೆ ಬಹಳ.

ಸಣ್ಣ ಗುಂಡಿನ ಪಕ್ಷದಲ್ಲಿ ನಿಂತವನು ‘ಕರಮೋಜೊ’ ಬೆಲ್ ಎಂದು ಹೆಸರಾದ ಸ್ಕಾಟ್ಲೆಂಡಿನ ವಾಲ್ಟರ್ ಬೆಲ್. ಆಫ್ರಿಕದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ ಈತ, ಅನೇಕವನ್ನು .275ರಿಂದಲೇ ಕೆಡವಿದ. ಆನೆಯ ತಲೆಬುರುಡೆಯನ್ನು ಸೀಳಿ ಮಿದುಳು ಎಲ್ಲಿದೆಯೆಂದು ಅಭ್ಯಾಸ ಮಾಡಿದ್ದೇ ಆತನ ಗುಟ್ಟು. ಒದೆತ ಕಡಿಮೆಯಾದ ಕೋವಿಯಲ್ಲಿ ಗುರಿ ಕೆಡುವುದು ಕಡಿಮೆ.

ದೂರದ ಲೆಕ್ಕವೂ ಇದೆ. ಹಿಮಾಲಯದ ಬಯಲು ಇಳಿಜಾರಿನಲ್ಲಿ ಕಾಡುಮೇಕೆಗೆ ಇನ್ನೂರು ಮುನ್ನೂರು ಗಜದಿಂದ ಗುರಿಯಿಡಬೇಕು. ಅಲ್ಲಿ ತೆಳುವಾದ, ಉದ್ದನೆಯ, ವೇಗದ ಗುಂಡು ಹೆಚ್ಚು ಕೆಳಕ್ಕೆ ಬಾಗದೆ ಸಾಗುತ್ತದೆ. ಬಿದಿರ ಮೆಳೆಯಲ್ಲಿ ಇಪ್ಪತ್ತು ಗಜದಲ್ಲಿ ಮೇಲೆರಗುವ ಪ್ರಾಣಿಯೆದುರು ಈ ಗುಣ ಉಪಯೋಗಕ್ಕೆ ಬಾರದು. ಅಲ್ಲಿ ತೂಕದ ಗುಂಡೇ ಆಸರೆ. ಬೆಂಗಳೂರಿನ ಕೆನೆತ್ ಆಂಡರ್ಸನ್ ದಕ್ಷಿಣದ ಕಾಡುಗಳಲ್ಲಿ ನೆಚ್ಚಿಕೊಂಡಿದ್ದು .405 ವಿಂಚೆಸ್ಟರನ್ನು.

ಗುರಿ ತಪ್ಪಿದರೆ ಬೆಲೆ ತೆರುವವರು ಯಾರು? ಆ 1907ರಲ್ಲೇ ಕುಮಾವೂಂ ಸೀಮೆಯ ಚಂಪಾವತದಲ್ಲಿ ಜಿಮ್ ಕಾರ್ಬೆಟ್ ಒಂದು ಹೆಣ್ಣುಹುಲಿಯನ್ನು ಕೊಂದರು. ನೇಪಾಳ ಮತ್ತು ಕುಮಾವೂಂಗಳಲ್ಲಿ ಅದು 436 ಜನರನ್ನು ಕೊಂದಿತ್ತೆಂದು ಲೆಕ್ಕ. ಅದರ ಬಲಬದಿಯ ಕೋರೆಹಲ್ಲುಗಳೆರಡೂ ಮುರಿದಿದ್ದವು. ಹಿಂದೆಂದೋ ತಗುಲಿದ ಗುಂಡಿನ ಗಾಯವೇ ಅದಕ್ಕೆ ಕಾರಣ, ಸಹಜ ಬೇಟೆ ಸಾಧ್ಯವಾಗದೆ ಹುಲಿ ನರಭಕ್ಷಕವಾಯಿತೆಂದು ಕಾರ್ಬೆಟ್ ಬರೆದಿದ್ದಾರೆ. ಯಾರೋ ಗಾಯಗೊಳಿಸಿ ಬಿಟ್ಟ ಹುಲಿಯ ಸಾಲವನ್ನು ಸೌದೆ, ಹುಲ್ಲು ತರಲು ಹೋದ ಹಳ್ಳಿಯ ಹೆಂಗಸರು ತೀರಿಸಿದರು. ಕಾರ್ಬೆಟ್‌ಗೆ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಜಾನ್ ಹ್ಯುವೆಟ್ ಕೊಟ್ಟ ಬಹುಮಾನ ಒಂದು .275 ರಿಗ್ಬಿ ರೈಫಲ್.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಭಾರತದಲ್ಲಿ ಹುಲಿ, ಆನೆಗಳ ಶಿಕಾರಿ ಅಪರಾಧ. ಬೇಟೆಗೆ ಅವಕಾಶವಿರುವ ಬೇರೆ ದೇಶಗಳಲ್ಲಿ ಮಾತ್ರ ದಪ್ಪ-ಸಣ್ಣ ಗುಂಡುಗಳ ವಾದ ಇನ್ನೂ ನಡೆದೇ ಇದೆ.