ಸುದ್ದಿಮನೆಯ ಸಾಲ ಮತ್ತು ಋಣ

ರಾತ್ರಿಯ ವಾರ್ತೆ ಮುಗಿದು ಟೀವಿ ಆರಿಸುವಾಗ ನನಗೆ ಹಲವು ಬಾರಿ ಅಮೆರಿಕದ ಹಳೆಯ ಧಾರಾವಾಹಿಯೊಂದು ನೆನಪಾಗುತ್ತದೆ. ಸಿಬಿಎಸ್ ಜಾಲದಲ್ಲಿ 1990ರ ಅಕ್ಟೋಬರ್‌ನಲ್ಲಿ ಆರಂಭವಾದ ಅದು 1991ರ ಮಾರ್ಚ್‌ನಲ್ಲಿ ನಿಂತೇಹೋಯಿತು. ಆರು ತಿಂಗಳೂ ತುಂಬಲಿಲ್ಲ.

ಜಾನ್ ಐಸೆಂಡ್ರಾತ್ ಮತ್ತು ಕ್ಯಾಥರಿನ್ ಪ್ರ್ಯಾಟ್ ರೂಪಿಸಿದ ಈ ಕಥೆ ನಡೆಯುವುದು ನಗರವೊಂದರ ಸ್ಥಳೀಯ ವಾಹಿನಿಯ ಸುದ್ದಿಮನೆಯಲ್ಲಿ. ವಾಹಿನಿಯ ಅಧಿಕೃತ ಹೆಸರು ಡಬ್ಲ್ಯುಎನ್‌ಡಿವೈ. ಸದಾ ಹಣದ ಮುಗ್ಗಟ್ಟಿನಲ್ಲಿದ್ದ ಕಾರಣ ಅದಕ್ಕೆ ಅಂಟಿದ ಅಡ್ಡಹೆಸರು ‘ಡಬ್ಲ್ಯುಐಒಯು’. ಅಂದರೆ ಸಾಲದ ಚೀಟಿ. ಧಾರಾವಾಹಿಯ ಹೆಸರೂ ಅದೇ. ಜಾನ್ ಶೇ ಅಭಿನಯಿಸಿದ ಹೊಸ ಸುದ್ದಿ ನಿರ್ದೇಶಕ ವೃತ್ತಿಧರ್ಮ ಮತ್ತು ವೀಕ್ಷಕರ ಸಂಖ್ಯೆಯ ನಡುವೆ ಸಿಕ್ಕಿಕೊಳ್ಳುತ್ತಾನೆ. ಕಣ್ಣಿನ ದೃಷ್ಟಿ ಕಳೆದುಕೊಳ್ಳುತ್ತಿರುವ ಹವಾಮಾನ ವರದಿಗಾರನೂ ಅಲ್ಲಿದ್ದಾನೆ.

ಈ ಕಥೆಯನ್ನು ಪ್ರಸಾರ ಮಾಡಿದ ಸಿಬಿಎಸ್ ತಾನೇ ಅಂಥ ಸಂಕಟವನ್ನು ಹಾದುಬಂದಿತ್ತು. 1986ರಲ್ಲಿ ಅದರ ಆಡಳಿತ ಲಾರೆನ್ಸ್ ಟಿಷ್ ಕೈಸೇರಿತು. ಮರುವರ್ಷವೇ ಸುದ್ದಿ ವಿಭಾಗದ 200ಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಪ್ರಸಾರಕರು ವಿವಾದಾಸ್ಪದ ವಿಷಯಗಳಲ್ಲಿ ಭಿನ್ನ ನಿಲುವುಗಳಿಗೂ ಅವಕಾಶ ನೀಡಬೇಕೆಂಬ ನಿಯಮವನ್ನು ಅಮೆರಿಕ ಕೈಬಿಟ್ಟದ್ದೂ ಅದೇ 1987ರಲ್ಲಿ. ಪತ್ರಿಕಾ ಕಚೇರಿಯನ್ನು ಕುರಿತ ‘ಲೂ ಗ್ರಾಂಟ್’ 1977ರಿಂದ 1982ರವರೆಗೆ ಐದು ಋತುಗಳ ಕಾಲ ಇದೇ ಜಾಲದಲ್ಲಿ ಬಾಳಿತ್ತು. ಟೀವಿಯ ಸುದ್ದಿಮನೆಗೆ ಆ ಭಾಗ್ಯ ಸಿಗಲಿಲ್ಲ. ರೇಟಿಂಗ್‌ನ ದಬ್ಬಾಳಿಕೆಯನ್ನು ಚಿತ್ರಿಸಿದ ಧಾರಾವಾಹಿ ರೇಟಿಂಗ್ ಸಾಲದೆ ಮುಗಿಯಿತು.

ಇದು ದೂರದೇಶದ ಹಳೆಯ ಕಥೆ ಎಂದು ತಳ್ಳಿಹಾಕಲು ನನಗೆ ಮನಸ್ಸಾಗದು. 2006ರಲ್ಲಿ ಟಿವಿ9 ಕನ್ನಡ ಬಂದ ನಂತರ ನಮ್ಮಲ್ಲೂ ಸುದ್ದಿವಾಹಿನಿಗಳು ಸಾಲುಗಟ್ಟಿದವು. ಜಿಲ್ಲೆಯ ಮೂಲೆಯ ದೂರು ರಾಜಧಾನಿಗೆ ಕೇಳಿಸುವಂತಾಯಿತು, ಅದನ್ನು ಮರೆಯಬಾರದು. ಆದರೆ ಕೂಗಾಟವೂ ಜೊತೆಗೇ ಬಂತು. ಕೇಳಿದರೆ ‘ಟಿಆರ್‌ಪಿ’ ಎಂಬ ಒಂದೇ ಉತ್ತರ.

ಈ ಉತ್ತರದ ಪರೀಕ್ಷೆಯೂ ಒಮ್ಮೆ ನಡೆದಿದೆ. ರೇಟಿಂಗ್ ತಿರುಚಿದ ಆರೋಪ ಎದ್ದಾಗ, 2020ರ ಅಕ್ಟೋಬರ್‌ನಲ್ಲಿ ‘ಬಾರ್ಕ್’ ಸಂಸ್ಥೆ ಸುದ್ದಿವಾಹಿನಿಗಳ ವಾರದ ಅಂಕಿಅಂಶ ಪ್ರಕಟಿಸುವುದನ್ನು ನಿಲ್ಲಿಸಿತು. ಅದು ಮತ್ತೆ ಆರಂಭವಾದದ್ದು 2022ರ ಮಾರ್ಚ್‌ನಲ್ಲಿ. ಆ ಅವಧಿಯಲ್ಲಿ ವಾಹಿನಿಗಳ ದನಿ ತಗ್ಗಿದ್ದು ನನ್ನ ಕಿವಿಗಂತೂ ಕೇಳಿಸಲಿಲ್ಲ. ತಕ್ಕಡಿಯನ್ನು ಅಟ್ಟಕ್ಕೇರಿಸಿದರೂ ತೂಕದ ಚಿಂತೆ ಹೋಗಲಿಲ್ಲ. ಅಂದರೆ ರೋಗ ಅಂಕಿಯಲ್ಲಷ್ಟೇ ಇಲ್ಲ, ಅಭ್ಯಾಸದಲ್ಲೂ ಇದೆ. ಅದರಲ್ಲಿ ನೋಡುವ ನಮ್ಮ ಪಾಲೂ ಇದೆ.

ಸುದ್ದಿಮನೆಗೂ ಸಂಬಳ ಕೊಡಬೇಕು, ಬಾಡಿಗೆ ಕಟ್ಟಬೇಕು. ಜಾಹೀರಾತಿಲ್ಲದೆ ಅದು ನಡೆಯದು. ಆದರೆ ಕನ್ನಡದಲ್ಲಿ ಸಾಲ ಬೇರೆ, ಋಣ ಬೇರೆ. ಹಣ ಕೊಟ್ಟವನದು ಸಾಲ; ಅದನ್ನು ಲೆಕ್ಕ ಹಾಕಿ ತೀರಿಸಬಹುದು. ನಂಬಿ ಕುಳಿತ ವೀಕ್ಷಕನದು ಋಣ. ಅದನ್ನು ದಿನದಿನವೂ ನಿಜ ಹೇಳಿಯೇ ತೀರಿಸಬೇಕು. ಆ ಧಾರಾವಾಹಿಯ ಅಡ್ಡಹೆಸರು ಮೊದಲನೆಯದನ್ನು ಮಾತ್ರ ಹೇಳುತ್ತದೆ. ಅದರ ಕಥೆ ಎರಡನೆಯದನ್ನು ಕುರಿತದ್ದು.