ದೋಣಿಯ ಹಿಂದೆ ಈಜುವ ಗರಿಮೀನು

ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯ ಹುಂಜಕ್ಕೆ ಕೊರಳ ಸುತ್ತ ವಿಚಿತ್ರವಾದ ಗರಿಗಳಿವೆ. ಒಂದೊಂದರ ತುದಿಯಲ್ಲೂ ಅರಗು ಹನಿಸಿದಂಥ ಹೊಳೆಯುವ ಚುಕ್ಕೆ: ಮೊದಲು ಬಿಳಿ, ತುದಿಗೆ ಹಳದಿ. ಆ ಭಾಗ ಮುಟ್ಟಿದರೆ ಗಟ್ಟಿ, ನುಣುಪು; ನೀರಿನಲ್ಲಿ ನೆನೆದರೂ ಮಂಕಾಗುವುದಿಲ್ಲ. ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದಲ್ಲಿ ಸುಮಾರು ನೂರು ವರ್ಷಗಳ ಹಿಂದೆ ಈ ಗರಿಗಳು ನಕಲಿ ಮೀನಿನ ಕಣ್ಣುಗಳಾದವು. ಸರೋವರದಲ್ಲಿ ದೋಣಿಯ ಹಿಂದೆ ಗಾಳ ಎಳೆದು ಟ್ರೌಟ್ ಮೀನು ಹಿಡಿಯುವವರ ಪೆಟ್ಟಿಗೆಯಲ್ಲಿ ಆ ನಕಲಿ ಮೀನು ಇಂದಿಗೂ ಇದೆ.

ಈ ನಕಲಿ ಮೀನು ಫ್ಲೈ ಎಂಬ ಸಾಮಾನಿನ ಒಂದು ಬಗೆ. ಫ್ಲೈ ಎಂದರೆ ಸಾಮಾನ್ಯವಾಗಿ ಕೊಕ್ಕೆಗೆ ಗರಿ, ಕೂದಲು, ದಾರ ಸುತ್ತಿ ಮಾಡಿದ ಹುಸಿ ಹುಳು. ಅದಕ್ಕೆ ತೂಕವೇ ಇಲ್ಲ, ಹಾಗಾಗಿ ದಪ್ಪ ದಾರದ ತೂಕದಿಂದ ಬೀಸಿ ಎಸೆಯಬೇಕು. ಹೊಳೆಯ ಕಲೆ ಇದು. ಟ್ರೋಲಿಂಗ್‌ನಲ್ಲಿ ಬೀಸುವ ಕೆಲಸವಿಲ್ಲ. ದೋಣಿ ನಿಧಾನವಾಗಿ ಸಾಗುತ್ತಿರುತ್ತದೆ, ಹಿಂದೆ ದಾರ ಬಿಟ್ಟು ಕೂರುವುದು. ಮಲ್ಪೆಯ ಟ್ರಾಲ್‌ಬೋಟುಗಳ ಬಲೆ ಎಳೆತಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿರುವುದು ಒಂದು ದಾರ, ಒಂದು ಕೊಕ್ಕೆ. ಹೊಳೆಯ ಶುದ್ಧಾಚಾರಿಗಳಿಗೆ ಇದು ಸೋಮಾರಿಗಳ ಆಟ. ಆದರೆ ಈ ಆಟದ ಸಾಮಾನುಗಳು ಒಂದೊಂದಾಗಿ ಹೇಗೆ ಬಂದವು ಎಂದು ನೋಡಿದರೆ, ಅವನ್ನು ಯಾವ ಕ್ರಮದಲ್ಲಿ ಆರಿಸಬೇಕು ಎಂಬುದೂ ತಿಳಿಯುತ್ತದೆ.

ಎಲ್ಲಕ್ಕೂ ಮೊದಲು ಬಂದದ್ದು ಮೀನಿನ ಊಟ. ಮೇನ್‌ನ ರೇಂಜ್ಲಿ ಸರೋವರಗಳಲ್ಲಿ ಬ್ರೂಕ್ ಟ್ರೌಟ್ ಅಸಾಧಾರಣ ಗಾತ್ರಕ್ಕೆ ಬೆಳೆಯುತ್ತಿತ್ತು. 1860ರ ದಶಕದಲ್ಲಿ ಜಾರ್ಜ್ ಶೆಪರ್ಡ್ ಪೇಜ್ ಎಂಬಾತ ಅಲ್ಲಿಂದ ನ್ಯೂಯಾರ್ಕಿಗೆ ಮೀನು ಒಯ್ದಾಗ ಜನ ನಂಬಲಿಲ್ಲ. ಜೀವವಿಜ್ಞಾನಿ ಲೂಯಿ ಅಗಾಸಿ ಅದು ಬ್ರೂಕ್ ಟ್ರೌಟೇ ಎಂದು ಹೇಳಬೇಕಾಯಿತು. ಆ ಟ್ರೌಟ್‌ಗಳನ್ನು ಕೊಬ್ಬಿಸಿದ್ದು ಅಲ್ಲಿಯದೇ ಆದ ಬ್ಲೂಬ್ಯಾಕ್ ಎಂಬ ಪುಟ್ಟ ಮೀನು. 1870ರ ದಶಕದಲ್ಲಿ ಅಲ್ಲಿಗೆ ಸಾಲ್ಮನ್ ಮೀನನ್ನು ತಂದು ಬಿಟ್ಟರು. 1890ರ ದಶಕದಲ್ಲಿ ಅದರ ಮೇವಿಗೆಂದು ಸ್ಮೆಲ್ಟ್ ಎಂಬ ಬೆಳ್ಳಿ ಬಣ್ಣದ ಸಣಕಲು ಮೀನನ್ನೂ ಬಿಟ್ಟರು. ಇಪ್ಪತ್ತನೇ ಶತಮಾನ ಕಣ್ಣು ಬಿಡುವಷ್ಟರಲ್ಲಿ ಬ್ಲೂಬ್ಯಾಕ್ ಆ ಸರೋವರಗಳಿಂದ ಮಾಯವಾಗಿತ್ತು. ಉಳಿದದ್ದು ಸ್ಮೆಲ್ಟ್. ಮನುಷ್ಯ ಕೈಹಾಕಿ ಕೆಡಿಸಿದ ನೀರಿನ ಕಥೆ ಇದು, ಗಾಳದ ಪುಸ್ತಕಗಳು ಇದನ್ನು ಬೇಗ ದಾಟಿಬಿಡುತ್ತವೆ. ಸರೋವರದ ದೊಡ್ಡ ಮೀನು ಈಗ ಸ್ಮೆಲ್ಟ್ ಬೆನ್ನಟ್ಟುತ್ತಿತ್ತು. ಹುಳುವಿನಂತೆ ಕಟ್ಟಿದ ಫ್ಲೈ ಅದಕ್ಕೆ ಸಾಲದು.

ಇಲ್ಲಿ ಕ್ಯಾರಿ ಸ್ಟೀವನ್ಸ್ ಬರುತ್ತಾರೆ. ಮೂಸ್‌ಲುಕ್‌ಮೆಗಂಟಿಕ್ (ಒಂದೇ ಉಸಿರಿಗೆ ಹೇಳಿ ನೋಡಿ) ಮತ್ತು ರಿಚರ್ಡ್‌ಸನ್ ಸರೋವರಗಳ ನಡುವಿನ ಅಪ್ಪರ್ ಡ್ಯಾಮ್ ಎಂಬಲ್ಲಿ ಗಂಡ ವಾಲೇಸ್ ಮೀನುಗಾರರಿಗೆ ಗೈಡ್ ಆಗಿದ್ದರು. ಕ್ಯಾರಿ ಹ್ಯಾಟುಗಳಿಗೆ ಗರಿ ಹೊಂದಿಸುವ ಕೆಲಸ ಬಲ್ಲವರು. 1924ರ ಜುಲೈ 1ರಂದು ಮನೆಗೆಲಸ ಅರ್ಧಕ್ಕೆ ಬಿಟ್ಟು, ಉದ್ದ ಕೊಕ್ಕೆಗೆ ಬೂದು ಗರಿಗಳನ್ನು ಕಟ್ಟಿ ಸ್ಮೆಲ್ಟ್‌ನಂಥದ್ದೊಂದನ್ನು ಮಾಡಿದರು, ಅಣೆಕಟ್ಟಿನ ಕೆಳಗಿನ ಮಡುವಿಗೆ ಹೋಗಿ ಎಸೆದರು. ಸಿಕ್ಕಿದ್ದು 6 ಪೌಂಡ್ 13 ಔನ್ಸ್ ತೂಕದ ಬ್ರೂಕ್ ಟ್ರೌಟ್, ನಮ್ಮ ಲೆಕ್ಕದಲ್ಲಿ ಮೂರು ಕಿಲೋಗೂ ಮೇಲೆ. ‘ಫೀಲ್ಡ್ ಅಂಡ್ ಸ್ಟ್ರೀಮ್’ ಪತ್ರಿಕೆಯ ಸ್ಪರ್ಧೆಯಲ್ಲಿ ಅದಕ್ಕೆ ಎರಡನೇ ಬಹುಮಾನ ಬಂತು. ಆಮೇಲೆ ಆರ್ಡರುಗಳು ನಿಲ್ಲಲಿಲ್ಲ. 1953ರಲ್ಲಿ ವ್ಯಾಪಾರ ಮಾರುವವರೆಗೂ ಅವರು ಫ್ಲೈ ಕಟ್ಟುತ್ತಲೇ ಇದ್ದರು. ಕೊಕ್ಕೆ ಹಿಡಿಯಲು ಎಲ್ಲರೂ ಬಳಸುವ ಪುಟ್ಟ ಇಕ್ಕಳ ಅವರಿಗೆ ಬೇಕಿರಲಿಲ್ಲ, ಬೆರಳುಗಳೇ ಸಾಕಾಗಿದ್ದವು.

ಆ ಮೀನನ್ನು ಹಿಡಿದದ್ದು ಅವರ ಪ್ರಸಿದ್ಧ ‘ಗ್ರೇ ಗೋಸ್ಟ್’ ಎಂದು ಅನೇಕರು ಬರೆಯುತ್ತಾರೆ. ಹಾಗಲ್ಲ. ಅವತ್ತಿನದು ಅದರ ಹಿರಿಯಕ್ಕ. ಗ್ರೇ ಗೋಸ್ಟ್ ಆಮೇಲೆ ಹುಟ್ಟಿತು. ಅದರ ಕಟ್ಟುವಿಕೆ ನೋಡುವಂಥದ್ದು. ಕೊಕ್ಕೆಯ ಉದ್ದನೆಯ ಕಾಲಿಗೆ ಕಿತ್ತಳೆ ಬಣ್ಣದ ರೇಷ್ಮೆ ದಾರ, ಅದರ ಮೇಲೆ ಬೆಳ್ಳಿ ಜರಿಯ ಸುತ್ತು. ಹೊಟ್ಟೆಯ ಕೆಳಗೆ ಜಿಂಕೆ ಬಾಲದ ಬಿಳಿ ಕೂದಲು, ನವಿಲುಗರಿಯ ನಾಲ್ಕಾರು ಎಳೆ, ಚಿನ್ನದ ಬಣ್ಣದ ಫೆಸೆಂಟ್ ಹಕ್ಕಿಯ ತಲೆಗರಿ. ಬೆನ್ನಿಗೆ ಕೋಳಿಯ ನಾಲ್ಕು ಉದ್ದ ಬೂದು ಗರಿ. ಭುಜಕ್ಕೆ ಬೆಳ್ಳಿ ಫೆಸೆಂಟ್ ಗರಿ. ಅದರ ಮೇಲೆ ನಮ್ಮ ಕಾಡುಕೋಳಿಯ ಕಣ್ಣು. ಈ ಭುಜ, ಕಣ್ಣು, ಗರಿಗಳನ್ನು ಕ್ಯಾರಿ ಮೊದಲೇ ಅಂಟಿಸಿ ಒಂದು ಮಾಡಿಕೊಂಡು ಆಮೇಲೆ ಕೊಕ್ಕೆಗೆ ಕಟ್ಟುತ್ತಿದ್ದರು. ಒಣಗಿದ್ದಾಗ ಬರೀ ಅಲಂಕಾರ. ನೀರಿಗಿಳಿದರೆ ಗರಿಗಳು ಒಟ್ಟಿಗೆ ಸೇರಿ ಸಣ್ಣ ಮೀನಿನ ಮೈಯಾಗುತ್ತವೆ, ಎಳೆದಾಗ ಉಸಿರಾಡುತ್ತವೆ.

ಕಾಡುಹಕ್ಕಿಗಳ ಗರಿ ರಫ್ತನ್ನು ಬ್ರಿಟಿಷ್ ಭಾರತ ಸರ್ಕಾರ 1902ರಲ್ಲೇ ನಿಷೇಧಿಸಿತ್ತು. ಆದರೂ ಗಾಳದವರಿಗೆ ಗರಿ ಸಿಗುತ್ತಲೇ ಇತ್ತು. ಈಗ ಈ ಕಾಡುಕೋಳಿ ನಮ್ಮ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಸೈಟ್ಸ್ ಒಪ್ಪಂದದ ಕಡಿವಾಣವಿದೆ. ಹೊರದೇಶಗಳಲ್ಲಿ ಸಾಕಿದ ಹಕ್ಕಿಗಳಿಂದ ಬರುವ ಗರಿ ದುಬಾರಿ. ನನ್ನನ್ನು ಕೇಳಿದರೆ ಅದರ ಅಗತ್ಯವೂ ಇಲ್ಲ. ಬಣ್ಣ ಬಳಿದ ಕಣ್ಣಿಗೂ ಟ್ರೌಟ್ ಬಾಯಿ ಹಾಕುತ್ತದೆ.

ಮಡುವಿನ ಹರಿವಿಗೆ ಎಸೆಯಲು ಹುಟ್ಟಿದ ಈ ಫ್ಲೈ ದೋಣಿಯ ಹಿಂದೆ ಇನ್ನೂ ಚೆನ್ನಾಗಿ ಈಜಿತು. ಅದಕ್ಕೆ ದೋಣಿಯೂ ತಯಾರಿತ್ತು. ಸುಮಾರು 17 ಅಡಿ ಉದ್ದದ, ಎರಡೂ ತುದಿ ಚೂಪಾದ, ಹಗುರ ಹಲಗೆಯ ರೇಂಜ್ಲಿ ದೋಣಿಯಲ್ಲಿ ಗೈಡ್ ಹುಟ್ಟು ಹಾಕುತ್ತಿದ್ದ, ಪಟ್ಟಣದ ಸಾಹುಕಾರ ಕೋಲು ಹಿಡಿದು ಕೂರುತ್ತಿದ್ದ. ಈ ಗೈಡುಗಳಿಗೆ 1897ರಲ್ಲಿ ಸರ್ಕಾರ ಪರವಾನಗಿ ಕೊಡತೊಡಗಿದಾಗ ಮೊದಲನೆಯದು ಹೋದದ್ದು ಒಬ್ಬ ಹೆಣ್ಣುಮಗಳಿಗೆ, ‘ಫ್ಲೈ ರಾಡ್’ ಎಂದೇ ಹೆಸರಾದ ಕಾರ್ನೀಲಿಯಾ ಕ್ರಾಸ್ಬಿಗೆ. ಹುಟ್ಟು ಒಮ್ಮೆ ಎಳೆದಾಗ ದೋಣಿ ಮುಂದೆ ಚಿಮ್ಮುತ್ತದೆ, ಹುಟ್ಟು ಎತ್ತಿದಾಗ ತಡೆಯುತ್ತದೆ. ಹಿಂದಿನ ಫ್ಲೈ ಕೂಡ ಚಿಮ್ಮುತ್ತದೆ, ತಡೆಯುತ್ತದೆ. ಗಾಯಗೊಂಡ ಸ್ಮೆಲ್ಟ್ ಈಜುವುದೇ ಹಾಗೆ. ಮುಂದೆ ಮೋಟಾರ್ ಕೂರಿಸಲು ದೋಣಿಯ ಹಿಂಬದಿಯನ್ನು ಚಪ್ಪಟೆ ಮಾಡಿದರು. ಓಟ ಸಮವಾಯಿತು, ಚಿಮ್ಮು ಹೋಯಿತು. ಮೋಟಾರಿನವರು ಕೋಲನ್ನು ಕೈಯಲ್ಲಿ ಹಿಡಿದು ಆಗಾಗ ಜಗ್ಗುವುದು ಆ ನಷ್ಟ ತುಂಬಲಿಕ್ಕೆ.

ದಾರದ ಕಥೆ ಆಳದ ಕಥೆ. ಹಿಂದೆ ದಾರ ಹೆಣೆದ ರೇಷ್ಮೆಯದು. ಜಿಡ್ಡು ಸವರಿದರೆ ತೇಲುತ್ತಿತ್ತು, ಇಲ್ಲದಿದ್ದರೆ ಮುಳುಗುತ್ತಿತ್ತು. ತುದಿಯ ತೆಳು ಎಳೆಯೂ ರೇಷ್ಮೆಹುಳುವಿನದೇ, ಆದರೆ ಗೂಡು ಬಿಚ್ಚಿದ ನೂಲಲ್ಲ. ಗೂಡು ಕಟ್ಟುವ ಮೊದಲೇ ಹುಳುವನ್ನು ವಿನೆಗರ್‌ನಲ್ಲಿ ಹಾಕಿ, ಒಳಗಿನ ರೇಷ್ಮೆ ಗ್ರಂಥಿಯನ್ನು ಹೊರತೆಗೆದು ಎಳೆದು ಒಣಗಿಸಿದ್ದು. ಸ್ಪೇನಿನ ಮುರ್ಸಿಯಾ ಇದಕ್ಕೆ ಹೆಸರಾಗಿತ್ತು. ರಾಮನಗರದ ಗೂಡಿನ ಮಾರುಕಟ್ಟೆಯವರು ಕೇಳಿದರೆ ಮುಖ ಸಿಂಡರಿಸಿಯಾರು. 1938ರಲ್ಲಿ ಪ್ರಕಟವಾದ ನೈಲಾನ್ ಇದನ್ನು ಮೂಲೆಗೆ ತಳ್ಳಿತು. ಮುಂದೆ ಪ್ಲಾಸ್ಟಿಕ್ ಲೇಪದ ದಾರಗಳು ಬಂದವು, 1960ರ ದಶಕದ ಆರಂಭದಲ್ಲಿ ದಾರಗಳಿಗೆ ತೂಕದ ಲೆಕ್ಕದ ನಂಬರುಗಳೂ ಬಂದವು. ಮೊದಲ 30 ಅಡಿ 160 ಗ್ರೇನ್ ತೂಗಿದರೆ ಅದು 6ನೇ ನಂಬರ್. ಇದಲ್ಲದೆ ಹೆಣಿಗೆಯೊಳಗೆ ಸೀಸದ ತಂತಿ ಇರುವ ಲೆಡ್‌ಕೋರ್ ದಾರವಿದೆ. ಪ್ರತಿ 10 ಗಜಕ್ಕೆ ಅದರ ಬಣ್ಣ ಬದಲಾಗುತ್ತದೆ, ‘ಮೂರು ಬಣ್ಣ ಬಿಟ್ಟಿದ್ದೇನೆ’ ಎಂಬುದೇ ಅವರ ಅಳತೆ.

ಇವುಗಳಲ್ಲಿ ಬೇಕಾಗುವ ದಾರ ಯಾವುದು ಎಂಬುದನ್ನು ನೀರಿನ ಬಿಸುಪು ಹೇಳುತ್ತದೆ. ವಸಂತದಲ್ಲಿ ಮಂಜುಗಡ್ಡೆ ಕರಗಿದ ಕೂಡಲೇ ಸ್ಮೆಲ್ಟ್ ಮೊಟ್ಟೆಯಿಡಲು ತೊರೆಗಳತ್ತ ಬರುತ್ತದೆ, ಟ್ರೌಟ್ ಹಿಂದೆಯೇ ಬರುತ್ತದೆ, ಎಲ್ಲವೂ ಮೇಲ್ನೀರಿನಲ್ಲಿ. ತೇಲುವ ದಾರ, ಉದ್ದನೆಯ ನೈಲಾನ್ ಎಳೆ ಸಾಕು. ಬೇಸಿಗೆಯಲ್ಲಿ ಮೇಲ್ಪದರ ಕಾಯುತ್ತದೆ, ಟ್ರೌಟ್ ತಣ್ಣನೆಯ ಕೆಳಪದರ ಸೇರುತ್ತದೆ. ಆಗ ಮುಳುಗುವ ದಾರ, ಅದರ ತುದಿಗೆ ಗಿಡ್ಡ ಎಳೆ. ಎಳೆ ಉದ್ದವಾದರೆ ದಾರ ಮುಳುಗಿದರೂ ಫ್ಲೈ ಮೇಲೆಯೇ ಉಳಿಯುತ್ತದೆ.

ಕೋಲಿಗೂ ನಮ್ಮ ಕಡೆಯ ಋಣವಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಮೇನ್‌ನ ಬ್ಯಾಂಗರ್ ಊರಿನ ಹೈರಮ್ ಲೆನರ್ಡ್‌ನಂಥವರು ಬಿದಿರನ್ನು ಆರು ಸೀಳುಗಳಾಗಿ ಅಂಟಿಸಿ ಕೋಲು ಮಾಡುತ್ತಿದ್ದಾಗ ಬಿದಿರು ಹೋಗುತ್ತಿದ್ದದ್ದು ಕಲ್ಕತ್ತಾ ಬಂದರಿನಿಂದ. ಆಮೇಲೆ ಚೀನಾದ ಬಿದಿರು ಅದರ ಜಾಗ ಹಿಡಿಯಿತು, ಅದರ ಬಳಿಕ ಫೈಬರ್‌ಗ್ಲಾಸ್, 1970ರ ದಶಕದಲ್ಲಿ ಗ್ರಾಫೈಟ್.

ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು ಈ ಕೋಲನ್ನೇ, ಅದೇ ಹೆಚ್ಚು ಬೆಲೆಯ ಸರಕು. ಸಣ್ಣ ಸರೋವರಕ್ಕೆ ಅದನ್ನು ಕೊನೆಗೆ ಆರಿಸಬೇಕು. ಅಲ್ಲಿನ ಟ್ರೌಟ್ ಏನು ತಿನ್ನುತ್ತದೆ, ಎಷ್ಟು ಆಳದಲ್ಲಿದೆ ಎಂಬುದು ಮೊದಲು, ಅದಕ್ಕೆ ತಕ್ಕ ಫ್ಲೈ ಮತ್ತು ದಾರ ಆಮೇಲೆ. ದೂರ ಎಸೆಯುವ ಗೋಜಿಲ್ಲದ್ದರಿಂದ ಒಂಬತ್ತು ಅಡಿಯ, 6ನೇ ನಂಬರಿನ ದಾರಕ್ಕೆ ಹೊಂದುವ, ಮೆತ್ತಗೆ ಬಾಗುವ ಅಗ್ಗದ ಕೋಲೂ ನಡೆಯುತ್ತದೆ. ಓಡುವ ದೋಣಿಯ ಹಿಂದೆ ಮೀನು ಥಟ್ಟನೆ ಕಚ್ಚಿದಾಗ ಎಳೆ ಕಡಿಯದಂತೆ ಕಾಯುವುದು ಆ ಬಾಗುವಿಕೆಯೇ. ಉಳಿದ ದುಡ್ಡನ್ನು ಸರಾಗವಾಗಿ ದಾರ ಬಿಡುವ ರೀಲಿಗೂ ಇನ್ನೊಂದು ಮುಳುಗುವ ದಾರಕ್ಕೂ ಹಾಕಿ.

ಬೋಸ್ಟನ್ ಸುತ್ತಮುತ್ತಲಿನ ಕನ್ನಡಿಗರಿಗೆ ರೇಂಜ್ಲಿ ಕಾರಿನಲ್ಲಿ ನಾಲ್ಕು ಗಂಟೆಯ ಹಾದಿ. ಹೋಗುವವರು ಲೈಸೆನ್ಸ್ ಕೊಳ್ಳುವಾಗ ಆಯಾ ಸರೋವರದ ನಿಯಮವನ್ನೂ ಓದಿಕೊಳ್ಳಿ. ಮೇನ್ ಕಾನೂನಿನ ಪ್ರಕಾರ ಫ್ಲೈ ಫಿಶಿಂಗ್ ಎಂದರೆ ದಾರದ ತೂಕದಿಂದ ಫ್ಲೈಯನ್ನು ಎಸೆದು ಎಳೆದುಕೊಳ್ಳುವುದು. ‘ಫ್ಲೈ ಫಿಶಿಂಗ್ ಮಾತ್ರ’ ಎಂದು ಬೋರ್ಡ್ ಹಾಕಿದ ನೀರಿನಲ್ಲಿ ಗ್ರೇ ಗೋಸ್ಟ್ ಅನ್ನು ದೋಣಿಯ ಹಿಂದೆ ಎಳೆಯುವಂತಿಲ್ಲ.