ಭಾನುವಾರದ ಪೂಜೆ ಮುಗಿದ ಮೇಲೆ ಪಾದ್ರಿಗಳಿಗೆ ಕೆಲಸವೇನು?

ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶವನ್ನು ಧರ್ಮಪ್ರಾಂತ್ಯವೆಂದೂ ಅದರೊಳಗಿನ ಒಂದೊಂದು ಚರ್ಚಿನ ಭಕ್ತಸಮುದಾಯವನ್ನು ಧರ್ಮಕೇಂದ್ರವೆಂದೂ ಕರೆಯಲಾಗುತ್ತದೆ. ಈ ಧರ್ಮಕೇಂದ್ರದ ಹೊಣೆ ಹೊತ್ತ ಗುರುವನ್ನು ಮಂಗಳೂರು ಸೀಮೆಯ ಕೊಂಕಣಿ ಕ್ಯಾಥೋಲಿಕರು 'ವಿಗಾರ್' ಎನ್ನುತ್ತಾರೆ. ನಿಗದಿತ ಹೊತ್ತುಗಳಲ್ಲಿ ಕೀರ್ತನೆಗಳನ್ನು ಪಠಿಸುವ ಪ್ರಾರ್ಥನಾವಿಧಿಯೂ ಬಲಿಪೂಜೆಯೂ ಅವರ ದಿನಚರಿಯ ಆಧಾರಗಳಾಗಿದ್ದು, ಉಳಿದ ಸಮಯವು ಶಾಲೆಯ ಆಡಳಿತ, ಮನೆಭೇಟಿ, ಪಾಪನಿವೇದನೆ ಆಲಿಸುವುದು, ರೋಗಿಗಳಿಗೆ ಪರಮಪ್ರಸಾದ ಒಯ್ಯುವುದು ಮುಂತಾದವುಗಳಿಗೆ ಸಲ್ಲುತ್ತದೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ನೇರವಾಗಿ ಬಯಲುಮಾಡಿದ ಗುರು ತಾನಾಗಿಯೇ ಬಹಿಷ್ಕಾರಕ್ಕೆ ಒಳಗಾಗುತ್ತಾನೆ.

ಹೊರಗಿನವರ ಗಮನಕ್ಕೆ ಅಷ್ಟಾಗಿ ಬಾರದ, ಆದರೆ ಅತ್ಯಂತ ಮಹತ್ವದ ಕೆಲಸವೆಂದರೆ ದಾಖಲೆ ಪುಸ್ತಕಗಳ ನಿರ್ವಹಣೆ. 1983ರ ಧರ್ಮಸಭಾ ಕಾನೂನಿನಂತೆ ದೀಕ್ಷಾಸ್ನಾನ, ವಿವಾಹ ಮತ್ತು ಮರಣಗಳನ್ನು ಪ್ರತ್ಯೇಕ ಪುಸ್ತಕಗಳಲ್ಲಿ ಬರೆದಿಡಬೇಕು. ವ್ಯಕ್ತಿಯ ವಿವಾಹವು ಬೇರೆಲ್ಲಿ ನಡೆದರೂ ಅದರ ವಿವರವನ್ನು ಅವನ ದೀಕ್ಷಾಸ್ನಾನ ನಡೆದ ಚರ್ಚಿಗೆ ತಿಳಿಸಿ, ಅಲ್ಲಿನ ಪುಸ್ತಕದಲ್ಲಿ ಸೇರಿಸಬೇಕಾಗಿರುವುದರಿಂದ, ಒಬ್ಬನ ಧಾರ್ಮಿಕ ಬದುಕಿನ ಮುಖ್ಯ ಘಟ್ಟಗಳೆಲ್ಲ ಒಂದೇ ಪುಟಕ್ಕೆ ಬಂದು ಸೇರುತ್ತವೆ. ಸ್ಥಳೀಯ ಚರಿತ್ರೆಯ ಅಧ್ಯಯನಕ್ಕೂ ಇಂಥ ಪುಸ್ತಕಗಳು ಅಮೂಲ್ಯ ಆಕರಗಳು.

ಕರಾವಳಿಯಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ತೆನೆಗಳನ್ನು ಆಶೀರ್ವದಿಸುವುದೂ, ವಾರ್ಡುಗಳ ಮುಖಂಡರಾದ ಗುರಿಕಾರರ ಮೂಲಕ ಕುಟುಂಬಗಳ ಕಷ್ಟಸುಖ ಅರಿಯುವುದೂ ಇದೇ ಹೊಣೆಯ ಭಾಗವಾಗಿವೆ. ಸಾವಿನಂಚಿನಲ್ಲಿರುವ ರೋಗಿಯ ಮನೆಯಿಂದ ಕರೆ ಬಂದರೆ ಅಭ್ಯಂಗ ಸಂಸ್ಕಾರಕ್ಕಾಗಿ, ಅಂದರೆ ಪವಿತ್ರ ತೈಲ ಲೇಪಿಸಿ ಪ್ರಾರ್ಥಿಸಲು, ಅವರು ನಡುರಾತ್ರಿಯಲ್ಲೂ ಹೊರಡಬೇಕಾಗುತ್ತದೆ.